ಸಂಗ್ರಹ ನಮ್ಮದು, ತಂತ್ರಾಂಶ ಯಾರದು?

ಮಾತನಾಡುತ್ತಿರುವವರು ಇಬ್ಬರು. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ತಾಲ್ಲೂಕು ಕೇಂದ್ರವೊಂದರ ಹಳೆಯ ಸಾಹಿತ್ಯ ಸಂಘದ ಕಾರ್ಯದರ್ಶಿ. ಇನ್ನೊಬ್ಬರು ಅವರ ವಿದ್ಯಾರ್ಥಿನಿಯಾಗಿದ್ದವರು, ಈಗ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಡಿಜಿಟಲ್ ಸಂಗ್ರಹ ನೋಡಿಕೊಳ್ಳುವ ಗ್ರಂಥಪಾಲಕಿ. ಸಂಘದ ಕಪಾಟುಗಳಲ್ಲಿರುವ ಹಳೆಯ ಪತ್ರಿಕೆ, ಪತ್ರ, ನಡವಳಿ ಪುಸ್ತಕ, ಫೋಟೊಗಳನ್ನು ಡಿಜಿಟಲ್ ಮಾಡುವ ಪ್ರಸ್ತಾಪ ಕಾರ್ಯಕಾರಿ ಸಮಿತಿಯ ಮುಂದಿದೆ.

ಮೇಷ್ಟ್ರು: ನೋಡಮ್ಮ, ಒಂದು ಕಂಪನಿಯವರು ಬಂದು ಮಾತಾಡಿಕೊಂಡು ಹೋದರು. ಸ್ಕ್ಯಾನ್ ಅವರೇ ಮಾಡುತ್ತಾರಂತೆ, ತಮ್ಮ ತಂತ್ರಾಂಶದಲ್ಲೇ ಹಾಕಿಕೊಡುತ್ತಾರಂತೆ, ನಾವು ವರ್ಷಾವರ್ಷ ಶುಲ್ಕ ಕಟ್ಟಬೇಕಂತೆ. ಸಮಿತಿಯಲ್ಲಿ ಬಹಳ ಜನ ಒಪ್ಪಿಬಿಟ್ಟಿದ್ದಾರೆ. ನೀನು ಸಹಿ ಹಾಕಬೇಡಿ ಅಂದೆ, ಓಪನ್ ಸೋರ್ಸ್ ಅಂದೆ. ದುಡ್ಡಿಲ್ಲದೆ ಸಿಕ್ಕಿದ್ದು ನಾಳೆ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟೋದು?

ಗ್ರಂಥಪಾಲಕಿ: ದುಡ್ಡಿನ ವಿಷಯಕ್ಕೆ ಆಮೇಲೆ ಬರೋಣ ಸರ್. ಅವರ ಕರಾರು ಪತ್ರದಲ್ಲಿ ಒಂದು ಮಾತು ಇದೆಯೇ ನೋಡಿದಿರಾ? ನಾಲ್ಕು ವರ್ಷ ಆದಮೇಲೆ ಸಂಘಕ್ಕೆ ಶುಲ್ಕ ಕಟ್ಟಲು ಆಗಲಿಲ್ಲ, ಅಥವಾ ಆ ಕಂಪನಿಯೇ ಮುಚ್ಚಿಹೋಯಿತು ಅಂತಿಟ್ಟುಕೊಳ್ಳಿ. ಸ್ಕ್ಯಾನ್ ಆದ ಪುಟಗಳೂ ಅವುಗಳ ಜೊತೆ ಬರೆದಿಟ್ಟ ವಿವರಗಳೂ ಯಾವ ರೂಪದಲ್ಲಿ ನಿಮ್ಮ ಕೈಗೆ ವಾಪಸು ಬರುತ್ತವೆ?

ಮೇಷ್ಟ್ರು: ಎಲ್ಲ ಪಿಡಿಎಫ್ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿ ಕೊಡುತ್ತೇವೆ ಅಂದಿದ್ದಾರೆ.

ಗ್ರಂಥಪಾಲಕಿ: ಸಾವಿರಾರು ಪಿಡಿಎಫ್ ಹಾಗೆ ಬಂದರೆ ಅದನ್ನು ಸಂಗ್ರಹ ಅನ್ನಲಾಗದು, ರಾಶಿ ಅನ್ನಬೇಕು. ಯಾವ ಪುಟ ಯಾವ ಸಂಚಿಕೆಯದು, ಯಾವ ಪತ್ರ ಯಾರಿಂದ ಯಾರಿಗೆ, ಆ ಪತ್ರದ ಜೊತೆ ಲಕೋಟೆಯಲ್ಲಿದ್ದ ಫೋಟೊ ಯಾವುದು, ಈ ಸಂಬಂಧಗಳೆಲ್ಲ ಅವರ ಡೇಟಾಬೇಸಿನಲ್ಲೇ ಉಳಿದುಬಿಡುತ್ತವೆ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಹೀಗೇ ಆಯಿತು. ತಂತ್ರಾಂಶ ಮಾರಿದವರು ವ್ಯಾಪಾರ ನಿಲ್ಲಿಸಿದರು. ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ. ಚಿತ್ರಗಳೇನೋ ಇದ್ದವು, ಫೈಲುಗಳ ಹೆಸರು ಬರೀ ಅಂಕಿ. ವಿವರವನ್ನು ಮೊದಲಿನಿಂದ ಬರೆಯಬೇಕಾಯಿತು.

ಮೇಷ್ಟ್ರು: ಓಪನ್ ಸೋರ್ಸ್ ಆಗಿದ್ದರೆ ಹಾಗಾಗುತ್ತಿರಲಿಲ್ಲವೇ?

ಗ್ರಂಥಪಾಲಕಿ: ಬರೆದವರು ಕೈಬಿಟ್ಟರೂ ನಾವು ಅತಂತ್ರರಾಗುತ್ತಿರಲಿಲ್ಲ. ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಈ ಹಕ್ಕು ಪರವಾನಗಿ ಪತ್ರದಲ್ಲೇ ಬರೆದಿರುತ್ತೆ, ಯಾರೂ ಹಿಂದಕ್ಕೆ ಕಿತ್ತುಕೊಳ್ಳುವಂತಿಲ್ಲ. ನಮ್ಮ ವಿವರಗಳು ಡೇಟಾಬೇಸಿನ ಯಾವ ಮನೆಯಲ್ಲಿ ಕೂತಿವೆ ಅನ್ನೋದು ಬಹಿರಂಗ. ಬರೆದವರು ಇಲ್ಲವಾದರೂ ಬೇರೊಬ್ಬ ತಿಳಿದವನನ್ನು ಕೂರಿಸಿ ಹೊರತೆಗೆಸಬಹುದು.

ಮೇಷ್ಟ್ರು: ಮಾತು ಚೆನ್ನಾಗಿದೆ. ಆದರೆ ಇದು ಉತ್ಸಾಹಿ ಹುಡುಗರು ಬಿಡುವಿನ ವೇಳೆಯಲ್ಲಿ ಬರೆದದ್ದು ಅನ್ನುವ ಅನುಮಾನ ನಮ್ಮ ಸಮಿತಿಯವರಿಗೆ ಇದ್ದೇ ಇದೆ.

ಗ್ರಂಥಪಾಲಕಿ: ಹಾಗಾದರೆ ಅವರಿಗೆ ಹೆಸರು ಹೇಳಿ ಸರ್. ಡಿಸ್ಪೇಸ್ ಅಂತ ಒಂದಿದೆ. ಅಮೆರಿಕದ ಎಂಐಟಿ ಗ್ರಂಥಾಲಯವೂ ಎಚ್‌ಪಿ ಕಂಪನಿಯ ಸಂಶೋಧನಾ ವಿಭಾಗವೂ ಸೇರಿ ಕಟ್ಟಿ 2002ರಲ್ಲಿ ಬಿಡುಗಡೆ ಮಾಡಿದ್ದು. ಅದಕ್ಕೂ ಮುಂಚೆ, 2000ದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ಇಪ್ರಿಂಟ್ಸ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಪ್ರಿಂಟ್ಸ್ ಹಾಕಿಕೊಂಡು ತನ್ನ ವಿಜ್ಞಾನಿಗಳ ಲೇಖನಗಳನ್ನು ಜಗತ್ತಿಗೆ ತೆರೆದಿಟ್ಟಿತು. ದೇಶದಲ್ಲಿ ಅಂಥ ಸಾಂಸ್ಥಿಕ ಭಂಡಾರಗಳಲ್ಲಿ ಅದೇ ಮೊದಲನೆಯದು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲೇ ಸ್ಥಾಪಿಸಿದ ದಾಖಲೀಕರಣ ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಡಿಸ್ಪೇಸ್ ಬಂದ ಹೊಸದರಲ್ಲೇ ಅದನ್ನು ಕೈಗೆತ್ತಿಕೊಂಡು ಗ್ರಂಥಪಾಲಕರಿಗೆ ಕಲಿಸಿತು. ಇವತ್ತು ಪಿಎಚ್.ಡಿ. ಪ್ರಬಂಧ ಹುಡುಕುವವರೆಲ್ಲ ಹೋಗುವ ಶೋಧಗಂಗಾ ಇದೆಯಲ್ಲ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವುದು, ಅದು ನಿಂತಿರುವುದು ಡಿಸ್ಪೇಸ್ ಮೇಲೆಯೇ.

ಮೇಷ್ಟ್ರು: ನಮ್ಮ ಹುಡುಗರ ಪ್ರಬಂಧಗಳನ್ನು ನಾನೂ ಅಲ್ಲಿ ಓದಿದ್ದೇನೆ. ಆದರೆ ಇವೆಲ್ಲ ದೊಡ್ಡ ಸಂಸ್ಥೆಗಳು. ನಮ್ಮಂಥ ಸಣ್ಣವರ ಕೈಗೆ ಎಟುಕೀತೇ?

ಗ್ರಂಥಪಾಲಕಿ: ಸಣ್ಣವರೇ ಶುರು ಮಾಡಿದ ಕಥೆಯೊಂದು ಹೇಳುತ್ತೇನೆ. ನ್ಯೂಜಿಲೆಂಡಿನಲ್ಲಿ ಹೊರೊಫೆನುವಾ ಅನ್ನುವ ಪ್ರದೇಶದ ಸಾರ್ವಜನಿಕ ಗ್ರಂಥಾಲಯಗಳ ಟ್ರಸ್ಟ್. 1999ರಲ್ಲಿ ಅವರ ಹಳೆಯ ಗ್ರಂಥಾಲಯ ತಂತ್ರಾಂಶ 2000ನೇ ಇಸವಿಯ ದಿನಾಂಕವನ್ನು ತಾಳುವಂತಿರಲಿಲ್ಲ. ಹೊಸದನ್ನು ಕೊಳ್ಳುವ ಬದಲು ಕಟಿಪೊ ಅನ್ನುವ ಸಣ್ಣ ಕಂಪನಿಯಿಂದ ತಮಗೆ ಬೇಕಾದ್ದನ್ನು ಬರೆಸಿಕೊಂಡರು. ಕೊಹಾ ಅಂತ ಹೆಸರಿಟ್ಟರು. 2000ದ ಜನವರಿ ಮೊದಲ ವಾರದಲ್ಲಿ ಕೆಲಸ ಶುರುವಾಯಿತು. ಬರೆಸಿಕೊಂಡದ್ದನ್ನು ತಾವೇ ಇಟ್ಟುಕೊಳ್ಳಲಿಲ್ಲ, ಜಿಪಿಎಲ್ ಅನ್ನುವ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪುಸ್ತಕ ಕೊಡುವ, ತೆಗೆದುಕೊಳ್ಳುವ ಲೆಕ್ಕಕ್ಕೆ ಇವತ್ತು ನಮ್ಮ ದೇಶದ ಎಷ್ಟೋ ಕಾಲೇಜುಗಳಲ್ಲಿ ಇರುವುದು ಅದೇ ಕೊಹಾ.

ಮೇಷ್ಟ್ರು: ಯಾರೋ ಒಬ್ಬ ದೊಡ್ಡ ವ್ಯಾಪಾರಿ ಬಂದು ಅದನ್ನು ತನ್ನದು ಮಾಡಿಕೊಳ್ಳಲಿಲ್ಲವೇ? ಊರಿನ ಕೆರೆಗೂ ಅದೇ ಗತಿ ಬಂದದ್ದನ್ನು ನೋಡಿದವನು ನಾನು.

ಗ್ರಂಥಪಾಲಕಿ: ಪ್ರಯತ್ನ ನಡೆಯಿತು. ಅಮೆರಿಕದ ಕಂಪನಿಯೊಂದು ನ್ಯೂಜಿಲೆಂಡಿನಲ್ಲೇ ಕೊಹಾ ಹೆಸರಿನ ಟ್ರೇಡ್‌ಮಾರ್ಕ್ ಕೇಳಿತು. 2011ರಲ್ಲಿ ಆ ಟ್ರಸ್ಟ್ ಜಗತ್ತಿನ ಗ್ರಂಥಪಾಲಕರ ಮುಂದೆ ಸಹಾಯ ಕೇಳಿತು, ಜನ ದುಡ್ಡು ಕಳಿಸಿದರು, ವಾದ ನಡೆಯಿತು. 2013ರಲ್ಲಿ ತೀರ್ಪು ಟ್ರಸ್ಟಿನ ಕಡೆಗೇ ಬಂತು. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಜಗಳ ಇದ್ದದ್ದು ಹೆಸರಿನ ಮೇಲೆ ಮಾತ್ರ. ಕೋಡನ್ನು ಕಸಿದುಕೊಳ್ಳುವ ದಾರಿಯೇ ಇರಲಿಲ್ಲ. ಹೆಸರು ಹೋಗಿದ್ದರೂ ಬೇರೆ ಹೆಸರಿನಲ್ಲಿ ಅದೇ ತಂತ್ರಾಂಶ ಮುಂದುವರಿಯುತ್ತಿತ್ತು, ಒಂದು ಪುಸ್ತಕದ ದಾಖಲೆಯೂ ಕಳೆದುಹೋಗುತ್ತಿರಲಿಲ್ಲ.

ಮೇಷ್ಟ್ರು: ಸರಿ, ಒಪ್ಪಿದೆ. ಹಾಗಾದರೆ ಕೊಹಾ ಹಾಕಿಬಿಡೋಣ.

ಗ್ರಂಥಪಾಲಕಿ: ಸಂಘದ ಪುಸ್ತಕಗಳಿಗಾದರೆ ಹಾಕೋಣ. ಈ ಕಪಾಟಿಗೆ ಅದು ಹೊಂದುವುದಿಲ್ಲ. ತಂತ್ರಾಂಶ ಆರಿಸುವ ಮೊದಲು ಕಪಾಟಿನಲ್ಲಿ ಏನಿದೆ ಅನ್ನೋದು ತಿಳಿಯಬೇಕು. ನೀವೇ ಹೇಳಿ, ಏನೇನಿದೆ?

ಮೇಷ್ಟ್ರು: ನಮ್ಮ ಸಂಘ ಹೊರಡಿಸುತ್ತಿದ್ದ ಮಾಸಪತ್ರಿಕೆ ಇದೆ. ಸಂಸ್ಥಾಪಕರಿಗೆ ಬೇರೆಬೇರೆ ಸಾಹಿತಿಗಳು ಬರೆದ ಪತ್ರಗಳಿವೆ. ಅವರು ಇದ್ದಾಗ ಹೇಗೆ ದಾರ ಕಟ್ಟಿ ಇಟ್ಟಿದ್ದರೋ ಹಾಗೇ ಇವೆ. ಸಭೆಗಳ ನಡವಳಿ ಪುಸ್ತಕ, ಲೆಕ್ಕದ ಪುಸ್ತಕ, ನಾಡಹಬ್ಬದ ಫೋಟೊಗಳು, ಭಾಷಣಗಳ ಕ್ಯಾಸೆಟ್. ನಮ್ಮ ಈಗಿನ ಸಮಿತಿಯ ಒಬ್ಬರು ಆ ಪತ್ರಗಳನ್ನೆಲ್ಲ ಬಿಚ್ಚಿ ಸಾಹಿತಿಗಳ ಹೆಸರಿನ ಅಕಾರಾದಿಯಲ್ಲಿ ಜೋಡಿಸೋಣ ಅನ್ನುತ್ತಿದ್ದಾರೆ.

ಗ್ರಂಥಪಾಲಕಿ: ಬೇಡ ಸರ್, ದಯವಿಟ್ಟು ಬಿಚ್ಚಬೇಡಿ. ದಾಖಲೆ ಸಂಗ್ರಹದ ಶಾಸ್ತ್ರದಲ್ಲಿ ಎರಡು ನಿಯಮಗಳು ಮೊದಲು ಬರುತ್ತವೆ. ಒಬ್ಬರ ಕಾಗದಪತ್ರವನ್ನು ಇನ್ನೊಬ್ಬರದರ ಜೊತೆ ಬೆರೆಸಬಾರದು. ಅವರು ಇಟ್ಟ ಕ್ರಮವನ್ನು ಕದಡಬಾರದು. ಸಂಸ್ಥಾಪಕರು ಯಾವ ಪತ್ರವನ್ನು ಯಾವ ಕಟ್ಟಿನಲ್ಲಿ, ಯಾವ ಪತ್ರದ ಪಕ್ಕ ಇಟ್ಟರು ಅನ್ನೋದೇ ಒಂದು ಸಾಕ್ಷ್ಯ. ಒಂದು ಕಟ್ಟು ಸಮ್ಮೇಳನದ ತಯಾರಿಯದಾಗಿರಬಹುದು, ಇನ್ನೊಂದು ಒಂದು ವಾಗ್ವಾದದ್ದಾಗಿರಬಹುದು. ಅಕಾರಾದಿ ಬೇಕೆಂದವರಿಗೆ ಕಂಪ್ಯೂಟರ್ ಕ್ಷಣದಲ್ಲಿ ಅಕಾರಾದಿಯಲ್ಲಿ ತೋರಿಸುತ್ತೆ. ಬಿಚ್ಚಿದ ಕಟ್ಟನ್ನು ಯಾರೂ ಮತ್ತೆ ಕಟ್ಟಲಾರರು.

ಮೇಷ್ಟ್ರು: ಇದು ನಾನು ಸಮಿತಿಗೆ ಹೇಳಲೇಬೇಕಾದ ಮಾತು. ಈ ಕ್ರಮವನ್ನು ತಂತ್ರಾಂಶ ಹೇಗೆ ಹಿಡಿದಿಡುತ್ತೆ?

ಗ್ರಂಥಪಾಲಕಿ: ಅದಕ್ಕೆಂದೇ ಕಟ್ಟಿದ್ದು ಆಟಮ್. ಅಂತಾರಾಷ್ಟ್ರೀಯ ದಾಖಲೆ ಸಂಗ್ರಹಾಲಯಗಳ ಪರಿಷತ್ತು ಮುಂದೆ ನಿಂತು ಕೆನಡಾದ ಆರ್ಟಿಫ್ಯಾಕ್ಚುವಲ್ ಅನ್ನುವ ಸಂಸ್ಥೆಯಿಂದ ಬರೆಸಿತು. ಮೊದಲ ಆವೃತ್ತಿ ಬಂದದ್ದು 2008ರಲ್ಲಿ. ಆ ಪರಿಷತ್ತಿನದೇ ಐಎಸ್‌ಎಡಿ-ಜಿ ಅನ್ನುವ ವಿವರಣಾ ನಿಯಮಗಳಿವೆ, ಒಟ್ಟು 26 ಅಂಶ. ಅವುಗಳಲ್ಲಿ ಆರು ಬಹು ಮುಖ್ಯ: ಗುರುತು ಸಂಖ್ಯೆ, ಶೀರ್ಷಿಕೆ, ಸೃಷ್ಟಿಸಿದವರು, ಕಾಲ, ಪ್ರಮಾಣ, ವಿವರಣೆಯ ಮಟ್ಟ. ಮಟ್ಟ ಅಂದರೆ, ಮೇಲೆ ಸಂಸ್ಥಾಪಕರ ಇಡೀ ಸಂಗ್ರಹ, ಅದರೊಳಗೆ ಪತ್ರವ್ಯವಹಾರ, ಅದರೊಳಗೆ ಒಂದು ಕಟ್ಟು, ಅದರೊಳಗೆ ಒಂದು ಪತ್ರ. ಮೊದಲ ವರ್ಷ ಕಟ್ಟಿನ ಮಟ್ಟದವರೆಗೆ ಮಾತ್ರ ಬರೆದರೂ ಸಾಕು. ಪ್ರತಿ ಪತ್ರದ ವಿವರ ಆಮೇಲೆ ಸೇರಿಸುತ್ತಾ ಹೋಗಬಹುದು.

ಮೇಷ್ಟ್ರು: ಹಾಗಾದರೆ ನಿನ್ನ ಡಿಸ್ಪೇಸ್ ಯಾತಕ್ಕೆ?

ಗ್ರಂಥಪಾಲಕಿ: ಒಂದೊಂದೂ ಬಿಡಿಬಿಡಿಯಾಗಿ ನಿಲ್ಲುವ ಪ್ರಬಂಧ, ಲೇಖನ, ಪುಸ್ತಕಗಳಿಗೆ ಡಿಸ್ಪೇಸ್ ಹೊಂದುತ್ತೆ. ಆಯ್ದ ಐವತ್ತು ಫೋಟೊ ಇಟ್ಟುಕೊಂಡು ಸಂಘದ ಕಥೆಯನ್ನು ಪ್ರದರ್ಶನದ ಹಾಗೆ ತೋರಿಸಬೇಕಾದರೆ ಒಮೇಕಾ ಸುಲಭ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದವರು 2008ರಲ್ಲಿ ಹೊರತಂದದ್ದು, ಸಾಮಾನ್ಯ ಬಾಡಿಗೆ ಸರ್ವರಿನಲ್ಲೂ ನಡೆಯುತ್ತೆ. ಅಂತರ್ಜಾಲವೇ ಸರಿಯಾಗಿ ಸಿಗದ ಕಡೆಗೆ ಗ್ರೀನ್‌ಸ್ಟೋನ್ ಬಂತು. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯ ಯುನೆಸ್ಕೊ ಜೊತೆ ಸೇರಿ ಹಂಚಿದ್ದು. ಇಡೀ ಸಂಗ್ರಹವನ್ನು ಸಿ.ಡಿ.ಯಲ್ಲಿ ಹಾಕಿ ಹಳ್ಳಿಯ ಶಾಲೆಗೆ ಕೊಡುವಂತೆ ಮಾಡಿದ್ದರು. ಅದರ ಓದುಗರ ಪರದೆಗೆ ಕನ್ನಡದ ಅನುವಾದವೂ ಇದೆ.

ಮೇಷ್ಟ್ರು: ಈಗ ನನ್ನ ಕ್ಷೇತ್ರಕ್ಕೆ ಬಂದೆ. ಕನ್ನಡವನ್ನು ಇವು ಸರಿಯಾಗಿ ನಡೆಸಿಕೊಳ್ಳುತ್ತವೆಯೇ? ನಮ್ಮ ಸ್ಮರಣ ಸಂಚಿಕೆಯನ್ನು ಹಿಂದೆ ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸಿದ್ದು. ಆ ಫೈಲು ಈಗ ತೆರೆದರೆ ಒಂದು ಅಕ್ಷರವೂ ಕನ್ನಡವಾಗಿ ಕಾಣುವುದಿಲ್ಲ. ಅಚ್ಚಾದ ಪ್ರತಿ ಇದ್ದದ್ದರಿಂದ ಉಳಿಯಿತು.

ಗ್ರಂಥಪಾಲಕಿ: ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅನ್ನೋದೇ ಗೊತ್ತಾಗುವುದಿಲ್ಲ. ನಾನು ಹೇಳಿದ ತಂತ್ರಾಂಶಗಳೆಲ್ಲ ಯೂನಿಕೋಡಿನಲ್ಲಿ ನಡೆಯುತ್ತವೆ, ಆದ್ದರಿಂದ ವಿವರಗಳನ್ನು ಕನ್ನಡದಲ್ಲೇ ಬರೆಯಬಹುದು, ಬರೆಯಲೇಬೇಕು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಅಕ್ಷರದಲ್ಲಿ ಮನಬಂದ ಕಾಗುಣಿತದಲ್ಲಿ ತುಂಬಿದ್ದರು. ಪುಸ್ತಕ ಇದ್ದೂ ಹುಡುಕುವವರಿಗೆ ಸಿಗುತ್ತಿರಲಿಲ್ಲ. ಆಮೇಲೆ ಕನ್ನಡದ ಉತ್ಸಾಹಿಗಳು ಆ ಹೆಸರುಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಬೇಕಾಯಿತು.

ಮೇಷ್ಟ್ರು: ಹೆಸರು ಅಂದೆಯಲ್ಲ, ಅದೇ ನನ್ನ ಚಿಂತೆ. ನಮ್ಮ ಪತ್ರಿಕೆಯ ಒಂದು ಕವಿತೆಯ ಕೆಳಗೆ ಅಂಬಿಕಾತನಯದತ್ತ ಅಂತ ಇದೆ, ಒಂದು ಪತ್ರದ ಕೆಳಗೆ ಬೇಂದ್ರೆ ಅಂತ ಇದೆ. ಒಂದು ಕಡೆ ಶ್ರೀನಿವಾಸ, ಇನ್ನೊಂದು ಕಡೆ ಮಾಸ್ತಿ. ಊರಿನಲ್ಲೇ ಶ್ರೀನಿವಾಸ ಅನ್ನುವ ಇನ್ನೊಬ್ಬ ಸದಸ್ಯರೂ ಬರೆಯುತ್ತಿದ್ದರು. ಯಾರು ಯಾರು ಅಂತ ಕಂಪ್ಯೂಟರಿಗೆ ಹೇಗೆ ತಿಳಿಯಬೇಕು?

ಗ್ರಂಥಪಾಲಕಿ: ತಿಳಿಯೋದಿಲ್ಲ ಸರ್, ನೀವು ಹೇಳಬೇಕು. ಆಟಮ್‌ನಲ್ಲಿ ವ್ಯಕ್ತಿಗಳಿಗೇ ಪ್ರತ್ಯೇಕ ದಾಖಲೆ ಇರುತ್ತೆ. ದ. ರಾ. ಬೇಂದ್ರೆ ಅಂತ ಒಂದು ದಾಖಲೆ ಮಾಡಿ, ಅಂಬಿಕಾತನಯದತ್ತ ಅನ್ನುವುದನ್ನು ಅವರ ಇನ್ನೊಂದು ಹೆಸರಾಗಿ ಸೇರಿಸಿದರೆ, ಕವಿತೆ, ಪತ್ರ, ಫೋಟೊ ಮೂರನ್ನೂ ಆ ಒಂದೇ ದಾಖಲೆಗೆ ಜೋಡಿಸಬಹುದು. ಯಾವ ಹೆಸರು ಹಿಡಿದು ಬಂದರೂ ಓದುಗ ಅಲ್ಲಿಗೇ ಸೇರುತ್ತಾನೆ. ನಿಮ್ಮೂರಿನ ಶ್ರೀನಿವಾಸರಿಗೆ ಬೇರೆ ದಾಖಲೆ, ಅವರ ಕಾಲ, ವೃತ್ತಿ, ಸಂಘದಲ್ಲಿ ಅವರ ಪಾತ್ರ ಎಲ್ಲ ಬರೆದು.

ಮೇಷ್ಟ್ರು: ತಾರೀಖು? ಎಷ್ಟೋ ಪತ್ರಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇದೆ. ಪ್ರಭವ ಸಂವತ್ಸರ ಅಂದರೆ 1927-28 ಕೂಡ ಆಗಬಹುದು, 1987-88 ಕೂಡ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತಲ್ಲ. ಕೈಬರಹ, ಅಂಚೆ ಚೀಟಿ, ಪತ್ರದಲ್ಲಿ ಬಂದ ಸುದ್ದಿ ನೋಡಿ ಯಾವುದೆಂದು ತೀರ್ಮಾನಿಸಬೇಕು.

ಗ್ರಂಥಪಾಲಕಿ: ಅದಕ್ಕೂ ಜಾಗ ಇದೆ. ಪತ್ರದಲ್ಲಿ ಇರುವಂತೆಯೇ ಸಂವತ್ಸರ, ಮಾಸ, ತಿಥಿ ಬರೆಯಲು ಒಂದು ಅಂಕಣ. ಕಂಪ್ಯೂಟರ್ ಹುಡುಕುವುದಕ್ಕೆ ಆರಂಭದ ಇಸವಿ, ಕೊನೆಯ ಇಸವಿ ಅಂತ ಇನ್ನೆರಡು. ಯುಗಾದಿಯಿಂದ ಯುಗಾದಿಗೆ ಎರಡು ಇಸವಿ ತಾಗುವುದರಿಂದ 1927, 1928 ಎರಡನ್ನೂ ಕೊಡಬೇಕು. ಯಾವ ಆಧಾರದ ಮೇಲೆ ನಿರ್ಧರಿಸಿದಿರಿ ಅನ್ನೋದನ್ನು ಟಿಪ್ಪಣಿಯಲ್ಲಿ ಬರೆದರೆ, ಮುಂದೆ ಬರುವ ಸಂಶೋಧಕ ನಿಮ್ಮ ತೀರ್ಮಾನವನ್ನು ಪರೀಕ್ಷಿಸಬಹುದು.

ಮೇಷ್ಟ್ರು: ಹುಡುಕುವುದು ಸಲೀಸಾಗಿ ನಡೆಯುತ್ತದೆಯೇ?

ಗ್ರಂಥಪಾಲಕಿ: ಪೂರ್ತಿ ನಡೆಯುವುದಿಲ್ಲ, ಅದನ್ನು ನಿಮಗೆ ಮುಚ್ಚಿಡಬಾರದು. ಈ ತಂತ್ರಾಂಶಗಳ ಒಳಗಿನ ಹುಡುಕುಯಂತ್ರಗಳು ಪದಗಳನ್ನು ಬಿಡಿಸುವುದು ನಡುವಿನ ಖಾಲಿ ಜಾಗ ನೋಡಿ. ಬೇಂದ್ರೆ ಅಂತ ಹುಡುಕಿದರೆ ಬೇಂದ್ರೆಯವರ, ಬೇಂದ್ರೆಗೆ, ಬೇಂದ್ರೆಯಿಂದ ಅಂತ ಇರುವ ಕಡೆ ತಪ್ಪಿಹೋಗಬಹುದು. ವಿಭಕ್ತಿ ಪ್ರತ್ಯಯವನ್ನು ಬಿಡಿಸುವ ಕನ್ನಡದ ಏರ್ಪಾಡು ಅದರ ಜೊತೆಗೇ ಬರುವುದಿಲ್ಲ. ವಿಶ್ವವಿದ್ಯಾಲಯ ಅಂತ ಒಬ್ಬರು, ವಿಶ್ವವಿದ್ಯಾನಿಲಯ ಅಂತ ಒಬ್ಬರು ಬರೆದರೆ ಅದಕ್ಕೆ ಎರಡೂ ಬೇರೆ. ಕಣ್ಣಿಗೆ ಒಂದೇ ಥರ ಕಾಣುವ ಒತ್ತಕ್ಷರದ ನಡುವೆ ಕಾಣದ ಒಂದು ಸಂಕೇತ ಸೇರಿಕೊಂಡರೂ ಹುಡುಕಾಟ ಸೋಲುತ್ತೆ.

ಮೇಷ್ಟ್ರು: ಅಂದರೆ ಇಷ್ಟು ವರ್ಷದ ಮೇಲೂ ಕನ್ನಡದ ವ್ಯಾಕರಣ ಅದಕ್ಕೆ ಬಾರದು. ಇದು ದೊಡ್ಡ ಕೊರತೆಯೇ ಸರಿ.

ಗ್ರಂಥಪಾಲಕಿ: ದೊಡ್ಡ ಕೊರತೆಯೇ. ಆದರೆ ಬಾಗಿಲು ತೆರೆದಿರುವ ಕೊರತೆ. ಮಾರುವ ತಂತ್ರಾಂಶದಲ್ಲಿ ಇದನ್ನು ಸರಿಪಡಿಸಿ ಅಂತ ನಾವು ಬೇಡಬೇಕು, ಕನ್ನಡದ ಗಿರಾಕಿಗಳು ಎಷ್ಟು ಅಂತ ಅವರು ಎಣಿಸುತ್ತಾರೆ. ಇಲ್ಲಿ ವ್ಯಾಕರಣ ಬಲ್ಲವರೊಬ್ಬರು, ಪ್ರೋಗ್ರಾಮಿಂಗ್ ಬಲ್ಲವರೊಬ್ಬರು ಕೂತು ಪ್ರತ್ಯಯಗಳ ಪಟ್ಟಿ ಮತ್ತು ಸಂಧಿಯ ನಿಯಮ ಬರೆದು ಸೇರಿಸಿದರೆ, ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಸಂಗ್ರಹಗಳಿಗೂ ಅದು ಸಿಗುತ್ತೆ. ಅಚ್ಚಾದ ಪುಟವನ್ನು ಪಠ್ಯವಾಗಿ ಓದುವ ಟೆಸರಾಕ್ಟ್ ನೋಡಿ. ಎಚ್‌ಪಿ ಕಂಪನಿಯೊಳಗೆ ಹುಟ್ಟಿ, 2005ರಲ್ಲಿ ಮುಕ್ತವಾಯಿತು. ಹಾಗೆ ಮುಕ್ತವಾದ ಮೇಲೆಯೇ ಕನ್ನಡವೂ ಸೇರಿ ಹತ್ತಾರು ಭಾಷೆಗಳು ಅದಕ್ಕೆ ಬಂದವು. ಹಳೆಯ ಮೊಳೆಯಚ್ಚಿನ ಪುಟಗಳಲ್ಲಿ ತಪ್ಪು ಮಾಡುತ್ತೆ, ತಿದ್ದಲು ಜನ ಬೇಕು. ಆದರೂ ತಿದ್ದಿದ್ದು ನಮ್ಮದಾಗಿ ಉಳಿಯುತ್ತೆ.

ಮೇಷ್ಟ್ರು: ಇನ್ನೊಂದು ಸುಲಭದ ದಾರಿ ಹೇಳುತ್ತೇನೆ. ಎಲ್ಲವನ್ನೂ ಇಂಟರ್ನೆಟ್ ಆರ್ಕೈವ್‌ಗೆ ಹಾಕಿಬಿಟ್ಟರೆ? ನಾನು ಎಷ್ಟೋ ಹಳೆಯ ಪುಸ್ತಕ ಓದಿದ್ದು ಅಲ್ಲೇ.

ಗ್ರಂಥಪಾಲಕಿ: ಹಕ್ಕಿನ ತೊಡಕಿಲ್ಲದ ಸಂಚಿಕೆಗಳನ್ನು ಖಂಡಿತ ಹಾಕೋಣ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೆಯ ತಾಣ ನಿಂತುಹೋದ ಮೇಲೂ ಅದರ ಪುಸ್ತಕಗಳು ನಮಗೆ ಸಿಗುತ್ತಿರುವುದು ಅಲ್ಲಿ ಪ್ರತಿಗಳು ಇದ್ದದ್ದರಿಂದ. ಆದರೆ 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ದಾಳಿ ನಡೆದು ಹಲವು ದಿನ ಅದು ಸ್ತಬ್ಧವಾಗಿತ್ತು. ಅದು ಒಂದು ಪ್ರತಿ ಇರಲಿ, ಇರುವುದೇ ಅದೊಂದು ಆಗಬಾರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಇದನ್ನೇ ಸಿದ್ಧಾಂತ ಮಾಡಿಕೊಂಡು ಲಾಕ್ಸ್ ಅನ್ನುವ ಮುಕ್ತ ತಂತ್ರಾಂಶ ಬರೆದಿದ್ದಾರೆ. ಹಲವು ಗ್ರಂಥಾಲಯಗಳು ಒಂದೇ ಸಂಗ್ರಹದ ಪ್ರತಿ ಇಟ್ಟುಕೊಂಡು, ಆಗಾಗ ಒಂದಕ್ಕೊಂದು ಹೋಲಿಸಿ, ಕೆಟ್ಟದ್ದನ್ನು ಸರಿಪಡಿಸಿಕೊಳ್ಳುತ್ತವೆ.

ಮೇಷ್ಟ್ರು: ಇದು ನಮಗೆ ಹೊಸದಲ್ಲ ಕಣಮ್ಮ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದಳು. ಒಂದೊಂದು ಓಲೆಯನ್ನೂ ಕೈಯಲ್ಲಿ ಕೊರೆದು ಬರೆಯುವ ಕಾಲ ಅದು. ಒಂದು ಬಸದಿಗೆ ಬೆಂಕಿ ಬಿದ್ದರೂ, ಒಂದು ಮನೆಯಲ್ಲಿ ಗೆದ್ದಲು ಹಿಡಿದರೂ ಕಾವ್ಯ ಉಳಿಯಲಿ ಅನ್ನುವ ವಿವೇಕ ಆಕೆಗಿತ್ತು. ಪಂಡಿತರು ಸಂಪಾದನೆ ಮಾಡುವಾಗ ನಾಲ್ಕಾರು ಪ್ರತಿ ಹೋಲಿಸಿ ಪಾಠ ನಿರ್ಣಯ ಮಾಡುತ್ತಾರಲ್ಲ, ನೀನು ಹೇಳಿದ ಯಂತ್ರಗಳೂ ಅದನ್ನೇ ಮಾಡುತ್ತಿವೆ.

ಗ್ರಂಥಪಾಲಕಿ: ಒಂದು ವ್ಯತ್ಯಾಸ ಇದೆ ಸರ್. ಓಲೆಯಲ್ಲಿ ಲಿಪಿಕಾರನ ತಪ್ಪು ಕಣ್ಣಿಗೆ ಕಾಣುತ್ತೆ. ಫೈಲು ಕೆಟ್ಟರೆ ತೆರೆಯುವವರೆಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಚೆಕ್‌ಸಮ್ ಅಂತ ಇದೆ. ಇಡೀ ಫೈಲನ್ನು ಲೆಕ್ಕ ಹಾಕಿ 64 ಅಕ್ಷರಗಳ ಒಂದು ಗುರುತು ತೆಗೆಯುತ್ತಾರೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತೆ, ಇನ್ಷೂರ್ಡ್ ಅಂಚೆಯ ಅರಗಿನ ಮುದ್ರೆ ಒಡೆದ ಹಾಗೆ. ಆರ್ಟಿಫ್ಯಾಕ್ಚುವಲ್‌ನವರದೇ ಆರ್ಕೈವ್‌ಮ್ಯಾಟಿಕಾ ಅನ್ನುವ ಇನ್ನೊಂದು ಮುಕ್ತ ತಂತ್ರಾಂಶ ಈ ಕೆಲಸ ಮಾಡುತ್ತೆ. ಬಂದ ಫೈಲಿಗೆ ವೈರಸ್ ತಪಾಸಣೆ, ಚೆಕ್‌ಸಮ್, ಬಹುಕಾಲ ಬಾಳುವ ಮಾದರಿಗೆ ಪರಿವರ್ತನೆ, ಯಾವ ದಿನ ಏನು ಮಾಡಿದೆ ಅನ್ನುವ ದಾಖಲೆ, ಎಲ್ಲವನ್ನೂ ಒಂದು ಪೊಟ್ಟಣವಾಗಿ ಕಟ್ಟಿಡುತ್ತೆ. ಆ ಪೊಟ್ಟಣವನ್ನು ಬಿಚ್ಚಲು ಆರ್ಕೈವ್‌ಮ್ಯಾಟಿಕಾನೇ ಬೇಕೆಂದಿಲ್ಲ.

ಮೇಷ್ಟ್ರು: ಈಗ ದುಡ್ಡಿನ ಮಾತು. ಪರವಾನಗಿಗೆ ಕೊಡಬೇಕಾದ್ದು ಸೊನ್ನೆ. ಉಳಿದದ್ದಕ್ಕೆ?

ಗ್ರಂಥಪಾಲಕಿ: ಉಳಿದದ್ದೇ ಬಹುಪಾಲು. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ, ಕುಗ್ಗಿಸದೆ ಟಿಫ್ ಮಾಡಿದರೆ ಸುಮಾರು 26 ಎಂಬಿ. ನೂರು ಪುಟದ ಒಂದು ಸಂಚಿಕೆಗೆ 2.6 ಜಿಬಿ. ಹತ್ತು ವರ್ಷದ 120 ಸಂಚಿಕೆಗೆ 300 ಜಿಬಿಗಿಂತ ಹೆಚ್ಚು. ಭದ್ರತೆಗೆ ಬೇರೆಬೇರೆ ಕಡೆ ಮೂರು ಪ್ರತಿ ಇಡಬೇಕು, ಅಂದರೆ ಅದರ ಮೂರರಷ್ಟು. ಆದರೂ ಇವತ್ತಿನ ಡಿಸ್ಕುಗಳಿಗೆ ಇದು ದೊಡ್ಡ ಭಾರ ಅಲ್ಲ. ದೊಡ್ಡ ಖರ್ಚು ಮನುಷ್ಯರದು. ಸ್ಕ್ಯಾನ್ ಮಾಡುವವರು, ವಿವರ ಬರೆಯುವವರು, ಸರ್ವರ್ ನೋಡಿಕೊಳ್ಳುವವರು.

ಮೇಷ್ಟ್ರು: ನೋಡಿಕೊಳ್ಳುವುದು ಅಂದರೆ ಒಮ್ಮೆ ಹಾಕಿದ ಮೇಲೆ ಮುಗಿಯಲಿಲ್ಲವೇ?

ಗ್ರಂಥಪಾಲಕಿ: ಮುಗಿಯುವುದಿಲ್ಲ. 2021ರಲ್ಲಿ ಡಿಸ್ಪೇಸ್‌ನ ಏಳನೇ ಆವೃತ್ತಿ ಬಂತು, ಪರದೆಯ ಭಾಗವನ್ನು ಪೂರ್ತಿ ಹೊಸದಾಗಿ ಬರೆದಿದ್ದರು. 2023ರಲ್ಲಿ ಆರನೇ ಆವೃತ್ತಿಗೆ ಬೆಂಬಲ ನಿಂತಿತು. ತಿಳಿದ ಕೈ ಇಲ್ಲದ ಸಂಸ್ಥೆಗಳಿಗೆ ಆ ದಾಟುವಿಕೆ ಕಷ್ಟ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಅನ್ನುವ ಸಣ್ಣ ಮುಕ್ತ ಘಟಕದಲ್ಲಿ ದೊಡ್ಡ ಲೋಪ ಸಿಕ್ಕಿ, ಜಗತ್ತಿನಾದ್ಯಂತ ಸರ್ವರುಗಳನ್ನು ತರಾತುರಿಯಲ್ಲಿ ತಿದ್ದಬೇಕಾಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಸ್ವಯಂಸೇವಕರು. ಮುಕ್ತ ಅಂದ ಮಾತ್ರಕ್ಕೆ ಭದ್ರ ಅಲ್ಲ. ಉಪಯೋಗಿಸುವವರು ದುಡ್ಡಿನಿಂದಲೋ ದುಡಿಮೆಯಿಂದಲೋ ಅದನ್ನು ಪೋಷಿಸಬೇಕು.

ಮೇಷ್ಟ್ರು: ನಮ್ಮ ಸಂಘಕ್ಕೆ ಒಬ್ಬ ಸರ್ವರ್ ಬಲ್ಲವನನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಶಕ್ತಿ ಇಲ್ಲ. ಅಲ್ಲಿಗೆ ನಿನ್ನ ವಾದ ಬಿದ್ದಿತಲ್ಲ?

ಗ್ರಂಥಪಾಲಕಿ: ಒಂದೇ ಸಂಘ ಹೊತ್ತರೆ ಬೀಳುತ್ತೆ. ಆದರೆ ಆಟಮ್ ಅನ್ನು ಹಲವು ಸಂಸ್ಥೆಗಳು ಒಟ್ಟಿಗೆ ಇರುವಂತೆಯೇ ಕಟ್ಟಿದ್ದಾರೆ. ಒಂದೇ ಸರ್ವರಿನಲ್ಲಿ ನಿಮ್ಮ ಸಂಘ, ಪಕ್ಕದ ತಾಲ್ಲೂಕಿನ ಮಠ, ಒಂದು ಹಳೆಯ ಶಾಲೆ, ಒಂದು ನಾಟಕ ಮಂಡಳಿ, ಪ್ರತಿಯೊಂದಕ್ಕೂ ತನ್ನದೇ ಪುಟ, ತನ್ನದೇ ದಾಖಲೆ. ಜಿಲ್ಲೆಯ ಹತ್ತು ಸಂಸ್ಥೆಗಳು ಸೇರಿ ಒಂದು ಸರ್ವರ್, ಒಬ್ಬ ತಂತ್ರಜ್ಞ, ವಿಶ್ವವಿದ್ಯಾಲಯದಲ್ಲಿ ಒಂದು ಪ್ರತಿ ಅಂತ ಮಾಡಿಕೊಂಡರೆ ಖರ್ಚು ಹತ್ತು ಪಾಲಾಗುತ್ತೆ. ಪರವಾನಗಿಗೆ ದುಡ್ಡಿಲ್ಲದ್ದರಿಂದಲೇ ಇದು ಸಾಧ್ಯ. ಕಂಪನಿಯವರು ಪ್ರತಿ ಸಂಸ್ಥೆಗೂ ಬೇರೆ ಬೇರೆ ಶುಲ್ಕ ಕೇಳುತ್ತಾರೆ. ಯಾರಿಂದಲಾದರೂ ದುಡ್ಡು ಕೊಟ್ಟು ಸೇವೆ ಪಡೆಯುವುದೂ ತಪ್ಪಲ್ಲ. ಆ ಕಂಪನಿಯವರೇ ಆಟಮ್ ಹಾಕಿ ನೋಡಿಕೊಳ್ಳುತ್ತೇವೆ ಅಂದರೆ ಅವರಿಗೇ ಕೊಡಿ. ನಾಳೆ ಅವರು ಬೇಡವಾದರೆ ಇನ್ನೊಬ್ಬರನ್ನು ಕರೆಯುವ ಸ್ವಾತಂತ್ರ್ಯ ನಿಮ್ಮಲ್ಲಿರುತ್ತೆ.

ಮೇಷ್ಟ್ರು: ಇದು ನ್ಯಾಯವಾದ ಮಾತು. ಇನ್ನೊಂದೇ ಪ್ರಶ್ನೆ. ಪತ್ರಗಳು ನಮ್ಮ ಕಪಾಟಿನಲ್ಲಿವೆ. ಎಲ್ಲರಿಗೂ ತೋರಿಸುವ ಹಕ್ಕು ನಮಗಿದೆಯೇ?

ಗ್ರಂಥಪಾಲಕಿ: ಕಾಗದ ಸಂಘದ್ದು, ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ನಮ್ಮ ಕಾಯ್ದೆಯಲ್ಲಿ ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮೇಲೆ 60 ವರ್ಷ ಅದು ಇರುತ್ತೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ ಅವರ ಪ್ರಕಟಿತ ಕವಿತೆಗಳಿಗೆ 2041ರ ಕೊನೆಯವರೆಗೆ. ಅವರು ಬದುಕಿದ್ದಾಗ ಅಚ್ಚಾಗದ ಪತ್ರಗಳಿಗಾದರೆ ಮೊದಲು ಪ್ರಕಟವಾದ ಮೇಲೆ 60 ವರ್ಷ. ಆದ್ದರಿಂದ ಇಂಥ ಪತ್ರ ಇದೆ, ಇಂಥ ವಿಷಯದ್ದು ಅನ್ನುವ ವಿವರ ಎಲ್ಲರಿಗೂ ಕಾಣಲಿ. ಪತ್ರದ ಚಿತ್ರ ಅನುಮತಿ ಸಿಕ್ಕ ಮೇಲೆ ತೆರೆಯಲಿ. ಹಾಗೆ ಬೇರೆ ಬೇರೆ ಮಟ್ಟದ ಪ್ರವೇಶ ಕೊಡುವ ಸೌಲಭ್ಯ ಈ ತಂತ್ರಾಂಶಗಳಲ್ಲಿದೆ. ಬದುಕಿರುವವರ ಮನೆಯ ಮಾತು ಇರುವ ಪತ್ರಗಳನ್ನು ಹಕ್ಕು ಮುಗಿದಿದ್ದರೂ ಯೋಚಿಸಿ ತೆರೆಯಬೇಕು.

ಮೇಷ್ಟ್ರು: ಸಮಿತಿಯ ಮುಂದೆ ಏನು ಹೇಳಲಿ? ಉದ್ದ ಭಾಷಣ ಯಾರೂ ಕೇಳುವುದಿಲ್ಲ.

ಗ್ರಂಥಪಾಲಕಿ: ಒಂದೇ ಪರೀಕ್ಷೆ ಹೇಳಿ ಸರ್. ಯಾವುದೇ ತಂತ್ರಾಂಶ ಇರಲಿ, ಮಾರುವುದಾಗಲಿ ಮುಕ್ತವಾಗಲಿ, ಮೊದಲು ಹತ್ತು ದಾಖಲೆ ಮಾತ್ರ ಹಾಕಿ. ವಿವರ, ಚಿತ್ರ, ಹೆಸರುಗಳ ಸಂಬಂಧ ಎಲ್ಲವನ್ನೂ ಹೊರತೆಗೆದು, ಬೇರೆ ಕಂಪ್ಯೂಟರಿನಲ್ಲಿ, ಹಾಕಿದವರ ಸಹಾಯ ಇಲ್ಲದೆ ಮತ್ತೆ ಕಟ್ಟಿ ನೋಡಿ. ಹತ್ತೂ ಇದ್ದ ಹಾಗೇ ಎದ್ದು ನಿಂತರೆ ಹನ್ನೊಂದನೆಯದನ್ನು ಹಾಕಿ. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಆಟಮ್ ತನ್ನ ವಿವರಗಳನ್ನು ಸಿಎಸ್‌ವಿ ಮತ್ತು ಎಕ್ಸ್‌ಎಂಎಲ್ ರೂಪದಲ್ಲಿ ಕೊಡುತ್ತೆ. ಬಾಗಿಲು ಇದೆ ಅಂತ ಕೇಳಿ ನಂಬಬೇಡಿ, ಒಮ್ಮೆ ಅದರಿಂದ ಹೊರಬಂದು ನೋಡಿ.

ಮೇಷ್ಟ್ರು: ನಾನು ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಸ್ಕ್ಯಾನರ್ ಕೊಳ್ಳುವುದಕ್ಕೂ ಮೊದಲು ವಿವರ ಬರೆಯುವ ಕೆಲಸ ಶುರುವಾಗಲಿ. ಆ ನಾಡಹಬ್ಬದ ಫೋಟೊಗಳಲ್ಲಿ ನಿಂತಿರುವವರು ಯಾರೆಂದು ಹೇಳಬಲ್ಲವರು ನಮ್ಮ ಊರಿನಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಅವರೆಲ್ಲ ನನಗಿಂತ ಹಿರಿಯರು.

ಗ್ರಂಥಪಾಲಕಿ: ತಂತ್ರಾಂಶವನ್ನು ಮುಂದಿನ ವರ್ಷವೂ ಇಳಿಸಿಕೊಳ್ಳಬಹುದು, ಇನ್ನೂ ಉತ್ತಮವಾದದ್ದೇ ಸಿಗಬಹುದು. ಆ ಹಿರಿಯರ ನೆನಪು ಹಾಗೆ ಕಾಯುವುದಿಲ್ಲ. ಒಂದು ನೋಟ್ ಪುಸ್ತಕ ತೆಗೆದುಕೊಂಡು, ಪ್ರತಿ ಫೋಟೊಗೂ ಒಂದು ಸಂಖ್ಯೆ ಕೊಟ್ಟು, ಎಡದಿಂದ ಬಲಕ್ಕೆ ಹೆಸರು ಬರೆಸಿ. ಅದನ್ನು ಯಾವ ತಂತ್ರಾಂಶಕ್ಕೆ ಬೇಕಾದರೂ ಆಮೇಲೆ ತುಂಬಬಹುದು.

ಮೇಷ್ಟ್ರು: ಹಾಗಾದರೆ ನನ್ನ ತೀರ್ಮಾನ ಇದು. ಶುಲ್ಕ ನಿಲ್ಲಿಸಿದ ದಿನ ಸಂಗ್ರಹ ನಮ್ಮ ಕೈಗೆ ಪೂರ್ತಿಯಾಗಿ ಬರುವುದಿಲ್ಲ ಅನ್ನುವ ಯಾವ ಕರಾರಿಗೂ ನಾನು ಸಹಿ ಹಾಕುವುದಿಲ್ಲ. ಮುಕ್ತ ತಂತ್ರಾಂಶ, ಕನ್ನಡದಲ್ಲೇ ವಿವರ, ಮೂರು ಕಡೆ ಪ್ರತಿ, ಜಿಲ್ಲೆಯ ಸಂಸ್ಥೆಗಳ ಒಕ್ಕೂಟ, ಈ ನಾಲ್ಕನ್ನು ಸಮಿತಿಯ ಮುಂದೆ ಇಡುತ್ತೇನೆ. ನಮ್ಮಂತೆ ಹಳೆಯ ಕಪಾಟು ಇಟ್ಟುಕೊಂಡಿರುವ ನಾಡಿನ ಪ್ರತಿಯೊಂದು ಸಂಘ, ಶಾಲೆ, ಮಠ, ಮನೆಯವರಿಗೂ ನನ್ನದು ಇದೇ ವಿನಂತಿ: ಯಂತ್ರ ಬರುವವರೆಗೆ ಕಾಯಬೇಡಿ, ಬಲ್ಲವರನ್ನು ಕೂರಿಸಿಕೊಂಡು ಈ ವಾರವೇ ಬರೆಯಲು ಶುರುಮಾಡಿ.